ನಲವತ್ತೊಂದನೆಯ ತೆಂಗಿನಮರ

ಓಡುವ ಬಸ್ಸಿನ ಕಿಟಕಿಯಿಂದಲೇ ತೆಂಗಿನಮರದ ಕಾಯಿ ಎಣಿಸಬಲ್ಲವನು ನಾಗಮಂಗಲ ಸೀಮೆಗೆಲ್ಲ ನಾನೊಬ್ಬನೇ. ತೊಂಬತ್ತಾರನೇ ಇಸವಿಯಲ್ಲಿ, ಉರಿಬಿಸಿಲಿನ ಒಂದು ಮಧ್ಯಾಹ್ನ, ಫಸಲು ಕೊಳ್ಳಲು ಕರಿಯಪ್ಪನ ತೋಟಕ್ಕೆ ಹೋಗಿದ್ದೆ. ಕಣ್ಣು ಮರದಿಂದ ಮರಕ್ಕೆ ಹಾರಿದರೂ ಮರಗಳು ನಿಂತಲ್ಲೇ ನಿಂತಿರುತ್ತವೆ, ಯಾರಿಗಾದರೂ ಅಷ್ಟೇ. ಅಲ್ಲಿ ಒಂದು ಮರ ಮಾತ್ರ ನನ್ನ ಕಣ್ಣಿನ ಜೊತೆಗೇ ಸರಿಯಿತು. ರೆಪ್ಪೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದೆ. ಕಣ್ಣು ಒತ್ತಿದರೆ ಎದುರಿಗಿರುವುದೆಲ್ಲ ಅಲುಗಿದಂತೆ ಕಾಣುತ್ತದಲ್ಲ, ಹಾಗೆ ಇಡೀ ತೋಟ ಅಲುಗಾಡಿತು, ಆ ಮರ ಮಾತ್ರ ಅಲುಗಲಿಲ್ಲ. ಅದರ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು, ಗರಿಗಳ ಸದ್ದೇ ಇರಲಿಲ್ಲ. ನಾನು ಬಿಡುತ್ತೇನೆಯೇ? ಅದರ ಕಾಯಿಗಳನ್ನೂ ಎಣಿಸಿದೆ. ಇಪ್ಪತ್ತಮೂರು.

“ನಲವತ್ತೊಂದು ಮರ, ಸಾವಿರದ ಹನ್ನೆರಡು ಕಾಯಿ ಕಣಣ್ಣೋ,” ಎಂದೆ.

“ಇರಾದೇ ನಲವತ್ತು ಮರ ಕಣ್ಲಾ! ನಿನ್ ಕಣ್ಗೆ ಪೊರೆ ಬಂದದೆ,” ಎಂದು ಕರಿಯಪ್ಪ ನಕ್ಕ.

“ಒಂದ್ ಕಾಯಿ ಎಚ್ಚುಕಮ್ಮಿ ಆದ್ರೂ ಈ ಮೀಸೆ ಬೋಳಿಸ್ಕಂಡ್ಬುಡ್ತೀನಿ. ಈಗ್ಲೇ ಕೀಳ್ಸು!”

ಅವನೂ ಹಟಕ್ಕೆ ಬಿದ್ದು ಆಗಲೇ ಕೀಳಿಸಿದ. ಹತ್ತಿ ಇಳಿದ ಪ್ರತಿ ಮರಕ್ಕೂ ಗುರುತಿಗೆ ಹುಲ್ಲು ಕಟ್ಟಿಸಿದ. ಕಟ್ಟಿದ್ದು ನಲವತ್ತು ಮರಕ್ಕೆ; ಹುಲ್ಲಿಲ್ಲದ ಮರ ತೋಟದಲ್ಲಿ ಒಂದೂ ಉಳಿಯಲಿಲ್ಲ. ಆಮೇಲೆ ರಾಶಿಯನ್ನು ತಾನೇ ಮೂರು ಸಲ ಎಣಿಸಿದ.

ಸಾವಿರದ ಹನ್ನೆರಡು.

ನನ್ನ ಮೀಸೆ ಇವತ್ತಿಗೂ ಹಾಗೇ ಇದೆ. ಆ ಬಿಸಿಲಲ್ಲೂ ರಾಶಿಯ ಇಪ್ಪತ್ತಮೂರು ಕಾಯಿಗಳು ಬಾವಿಯ ನೀರಿನಷ್ಟು ತಣ್ಣಗಿದ್ದವು.