ಒಂದು ನಿಂತರೆ ಇನ್ನೊಂದು

ಗೋಡೆಯ ಮೇಲಿಟ್ಟ ಚಹಾ ಆರಿಹೋಗಿತ್ತು. ಹಾಲಿನವನಿಗೆ ಅನುಮಾನ ಬಂದದ್ದೇ ಅದರಿಂದ.

ದಾಂಡೇಲಿಯ ಗಿರಣಿ ಚಾಳಿನಲ್ಲಿ ಅಕ್ಕಪಕ್ಕದ ಎರಡು ಮನೆ. ನಡುವೆ ಎದೆಮಟ್ಟದ ಗೋಡೆ. ವಿಧವೆ ಗಂಗಿಬಾಯಿ ದಿನಾ ಏಳಕ್ಕೆ ಅದರ ಮೇಲೆ ಒಂದು ಲೋಟ ಚಹಾ ಇಡುತ್ತಿದ್ದಳು. ಆಚೆಯಿಂದ ಮೋತಿಲಾಲ ತೆಗೆದುಕೊಳ್ಳುತ್ತಿದ್ದ. 2007ರ ಫೆಬ್ರವರಿಯ ಆ ಸೋಮವಾರ ಯಾರೂ ತೆಗೆದುಕೊಳ್ಳಲಿಲ್ಲ. ಹಾಲಿನವ ಬಾಗಿಲು ನೂಕಿದ. ಮೂವತ್ತು ವರ್ಷ ಗಿರಣಿಯ ಪಂಪ್ ಹೌಸಿನಲ್ಲಿ ಫಿಟ್ಟರ್ ಆಗಿದ್ದ ಮುದುಕ ಮಂಚದ ಪಕ್ಕ ಸತ್ತು ಬಿದ್ದಿದ್ದ.

ಎ.ಎಸ್.ಐ. ಶಂಕ್ರಪ್ಪ ಬರುವಷ್ಟರಲ್ಲಿ ಚಾಳು ತೀರ್ಪು ಕೊಟ್ಟಾಗಿತ್ತು. ಮೋತಿಲಾಲನ ಅಕ್ಕನ ಮಗ, ಹಳಿಯಾಳದ ದಿನೇಶ ಹಿಂದಿನ ದಿನ ಬಂದಿದ್ದ. ಜೋರುಮಾತು ಕೇಳಿಸಿತ್ತು. ತಿಂಗಳ ಗುಳಿಗೆ ತರುವವನೂ ಅವನೇ. ಖೊಟ್ಟಿ ಗುಳಿಗೆ ಕೊಟ್ಟು ಕೊಂದ ಎಂದರು. ಊರ ಬಾಯಿ ಮುಚ್ಚುವವರು ಯಾರು?

ಹೆಣದ ಅಂಗಿಯ ಕಿಸೆಯಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಕೆಂಪು ಗುಳಿಗೆ. ಗೋಡೆಯ ಮಾಡದಲ್ಲಿ ದಿನೇಶ ತಂದಿಟ್ಟ ಗುಳಿಗೆ ಪಟ್ಟಿಯಲ್ಲಿದ್ದವು ಮಾತ್ರ ತಿಳಿಗುಲಾಬಿ. ಆ ಗುಲಾಬಿ ಶಂಕ್ರಪ್ಪನಿಗೆ ಚೆನ್ನಾಗಿ ಗೊತ್ತು. ಹೃದಯದ ನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ಗುಳಿಗೆ. ಅವನ ಎದೆಯಲ್ಲೂ ಒಂದು ಸ್ಟೆಂಟ್ ಇತ್ತು. ಹೆಂಡತಿ ಸತ್ತು ನಾಲ್ಕು ವರ್ಷ. ದಿನಾ ಬೆಳಿಗ್ಗೆ ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ನಿಂತುಕೊಂಡೇ, ಒಬ್ಬನೇ, ಅದೇ ಗುಳಿಗೆ ನುಂಗುತ್ತಿದ್ದ.

ಸಾಹೇಬರು ಫೋನಿನಲ್ಲಿ ಹೇಳಿದರು: "ನಾಳೆ ಸಂಜಿಯೊಳಗ ದಿನೇಶನ್ನ ಒಳಗ ಹಾಕು."

* * *

ಮರುದಿನ ಪೋಸ್ಟ್‌ಮಾರ್ಟಂ ವರದಿ ಬಂತು. ಹೃದಯದ ರಕ್ತನಾಳದಲ್ಲಿ ಎರಡು ಸ್ಟೆಂಟ್. ಎರಡರಲ್ಲೂ ರಕ್ತ ಹೆಪ್ಪುಗಟ್ಟಿತ್ತು.

ಎರಡು ಯಾಕೆ? ಶಂಕ್ರಪ್ಪ ಅವನ್ನು ಹಾಕಿದ್ದ ಬೆಳಗಾವಿಯ ಡಾಕ್ಟರಿಗೆ ಫೋನ್ ಹಚ್ಚಿ, ತನಗೆ ಒಂದೇ ಹಾಕಿದ್ದಾರಲ್ಲ ಎಂದ.

"ನಾಳ ಕವಲೊಡಿಯೂ ಜಾಗದಾಗ ಬ್ಲಾಕ್ ಇತ್ತು" ಎಂದರು ಡಾಕ್ಟರು. "ದೊಡ್ಡ ನಾಳಕ್ಕ ಒಂದ ಸ್ಟೆಂಟ್ ಹಾಕಿ ಸಣ್ಣ ಟಿಸಿಲು ಹಂಗ ಬಿಡೂದು, ಅದು ನಮ್ಮ ಮೊದಲ ಲೆಕ್ಕ. ನಿಮಗೂ ಹಂಗ ಮಾಡಿರ್ತಾರ. ಇವರಿಗೆ ದೊಡ್ಡದು ತೆರೆದ ಕೂಡ್ಲೆ ಟಿಸಿಲಿನ ಬಾಯಿ ಮುಚ್ಚಿಕೊಂತು. ಅದಕ್ಕ ಅಲ್ಲೂ ಒಂದು ಹಾಕಿದ್ವಿ."

"ಎರಡಿದ್ರ ಛಲೋ ಅಲ್ರೀ?"

"ಉಲ್ಟಾ ರೀ. ಕೂಡೂ ಜಾಗದಾಗ ಲೋಹ ಹೆಚ್ಚಾದಷ್ಟೂ ಹೆಪ್ಪಿನ ಅಂಜಿಕಿ ಹೆಚ್ಚು. ವರ್ಷದ ತನಕ ಆ ಗುಳಿಗಿ ಒಂದಿನಾನೂ ತಪ್ಪಬಾರದು. ಅವರಿಗೆ ಇನ್ನೂ ಎಂಟು ತಿಂಗಳಾಗಿತ್ತು."

ಔಷಧ ಅಂಗಡಿಯವನು ಪಟ್ಟಿ ತಿರುಗಿಸಿ ನೋಡಿ ಅಸಲಿ ಮಾಲೆಂದ. ಖಾಲಿಯಾದ ಗುಳಿಗೆಗಳೂ ದಿನಗಳಿಗೆ ಸರಿಹೊಂದುತ್ತಿದ್ದವು. ಅಂದರೆ ಯಾರೋ ದಿನಾ ಬಿಡಿಸಿದ್ದರು. ಆದರೆ ಕಿಸೆಯ ಪೊಟ್ಟಣದಲ್ಲಿದ್ದದ್ದು ಕೆಂಪು; ಗುಲಾಬಿಯದು ಮೋತಿಲಾಲನ ಹೊಟ್ಟೆಗೆ ಹೋಗಿರಲಿಲ್ಲ.

* * *

ದಿನೇಶ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಜಗಳ ಯಾತರದು, ತಮ್ಮಾ?"

"ಹಳಿಯಾಳಕ್ಕ ಬಾ ಮಾಮಾ, ನಮ್ಮ ಮನ್ಯಾಗ ಇರು ಅಂದೆ. ಹದಿನೈದು ದಿನದ ಹಿಂದ ಹೂಂ ಅಂದಿದ್ದ, ಮೊನ್ನೆ ಮತ್ತ ಒಲ್ಲೆ ಅಂದ. ಕಡೀಕ ಒಪ್ಪಿದ ರೀ. ಯುಗಾದಿಗೆ ಕರಕೊಂಡು ಹೋಗಾಂವಿದ್ದೆ."

"ಇದು ಯಾರ್‍ಯಾರಿಗೆ ಗೊತ್ತಿತ್ತು?"

"ಇಡೀ ಚಾಳಿಗೆ. ಮಾಮಾನ ಹೇಳಿದ್ದ."

"ಗುಳಿಗಿ ಅವರೇ ಬಿಡಿಸಿಕೊಂತಿದ್ರೇನು?"

"ಎಲ್ಲಿ ರೀ. ಕಣ್ಣಾಗ ಪೊರಿ ಬಂದು ಬಣ್ಣಾನೂ ತಿಳೀತಿದ್ದಿಲ್ಲ. ಗಂಗಿಬಾಯಿ ಮೌಶಿ ಹಿಂದಿನ ದಿನಾನ ಪೊಟ್ಟಣ ಕಟ್ಟಿ ಕೊಡ್ತಿದ್ಳು. ಅಕಿ ಇಲ್ಲಂದ್ರ ಮಾಮಾ ಇಷ್ಟು ದಿನಾನೂ ಇರ್ತಿದ್ದಿಲ್ಲ."

* * *

ಗಂಗಿಬಾಯಿ ತುಳಸಿಗೆ ನೀರು ಹಾಕುತ್ತಿದ್ದಳು. ಗೋಡೆಯ ಮೇಲೆ ಲೋಟ ಹಾಗೇ ಇತ್ತು. ತೆಗೆಯಲು ಅವಳಿಗೆ ಕೈ ಬಂದಿರಲಿಲ್ಲ.

ಶಂಕ್ರಪ್ಪ ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತ. ಬುಡದ ಮಣ್ಣಿನಲ್ಲಿ ಅಲ್ಲಲ್ಲಿ ಗುಲಾಬಿ ಕಲೆ. ಬೆರಳಿನಿಂದ ಕೆದಕಿದ. ಅರ್ಧ ಕರಗಿದ ಗುಳಿಗೆಯೊಂದು ಮೇಲೆ ಬಂತು.

"ಔಷಧ ಕಾಲಾಗ ತುಳಿಯೂ ಹಂಗ ಒಗಿಬಾರದು ಅಂತ ಇಲ್ಲಿ ಹಾಕಿದ್ರಿ, ಹೌದಿಲ್ಲೋ?"

ಅವಳು ತಂಬಿಗೆಯನ್ನು ನೆಲಕ್ಕಿಟ್ಟಳು.

"ಕೆಂಪು ಗುಳಿಗಿ ಸರಕಾರಿ ದವಾಖಾನಿಯದು. ರಕ್ತ ಕಡಿಮಿ ಅಂತ ನಿಮಗ ಕೊಟ್ಟದ್ದು, ಅಲ್ಲಿ ಕೇಳಿ ಬಂದೇನಿ. ಎಷ್ಟು ದಿನದಿಂದ ಬದಲಿ ಮಾಡಿದ್ರಿ?"

"ಹನ್ನೆರಡು ದಿನಾ" ಎಂದಳು. ಅಳಲಿಲ್ಲ. "ಸಾಯ್ಲಿ ಅಂತ ಅಲ್ರಿ ಸಾಹೇಬ್ರ. ಸ್ವಲ್ಪ ಎದಿ ನೋವು ಬಂದ್ರ ಹಳಿಯಾಳಕ್ಕ ಹೋಗೂದು ತಪ್ಪತೈತಿ ಅಂದುಕೊಂಡೆ. ಅವರ ಹೇಳಿದ್ರಲ್ರಿ, ನಮ್ಮ ಗಿರಣಿ ಪಂಪಿನಂಗ ಎರಡು ಕೂಡ್ಸ್ಯಾರ, ಒಂದು ನಿಂತ್ರ ಇನ್ನೊಂದು ಚಾಲೂ ಇರತೈತಿ ಅಂತ. ನಕ್ಕೋತ ಹೇಳಿದ್ರು."

ಹೇಳಿದವನು ಮೂವತ್ತು ವರ್ಷದ ಫಿಟ್ಟರ್. ಕೇಳಿದವಳು ಅದೇ ಗಿರಣಿಯ ಪಾಳಿ ಬದಲಿಸುವ ಭೋಂಗಾದ ಕೂಗು ಕೇಳುತ್ತ ಮುದುಕಿಯಾದವಳು. ನಂಬದೆ ಏನು ಮಾಡಿಯಾಳು? ಶಂಕ್ರಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಅವು ಬೇರೆ ಬೇರೆ ಪಂಪ್ ಅಲ್ರಿ ಬಾಯಿ" ಎಂದ ಮೆಲ್ಲಗೆ. "ಒಂದ ಕೊಳವಿಯ ಕವಲಿಗೆ ಹಾಕಿದ ಎರಡು ತುಂಡು. ಆ ಕೂಡೂ ಜಾಗದಾಗ ಹೆಪ್ಪು ಕಟ್ಟಿತಂದ್ರ ಎರಡೂ ಕೂಡೇ ಮುಚ್ಚತಾವ. ನನಗೂ ಒಂದು ಹಾಕ್ಯಾರ, ನಾನೂ ಇದ ಗುಳಿಗಿ ನುಂಗ್ತೇನಿ."

ಅವಳು ಗೋಡೆಯ ಮೇಲಿನ ಲೋಟವನ್ನು ಕೈಗೆತ್ತಿಕೊಂಡಳು.

"ಹದಿನಾಲ್ಕು ವರ್ಷ ರೀ. ದಿನಕ್ಕ ನಾಲ್ಕು ಮಾತು, ಅಷ್ಟ. ಅವರು ಹೋದ್ರ ನಾ ಚಹಾ ಯಾರಿಗೆ ಇಡ್ಲಿ?"

ಒಳಗೆ ಹೋಗಿ ಸ್ಟೋವ್ ಆರಿಸಿದಳು. ಸೆರಗು ಹೊದ್ದು ಬಂದು ಬಾಗಿಲಿಗೆ ಕೀಲಿ ಹಾಕಿದಳು. ದಿನೇಶನನ್ನು ಬಿಡಲು ಶಂಕ್ರಪ್ಪ ಠಾಣೆಗೆ ಫೋನಿನಲ್ಲಿ ಹೇಳಿದ. ಇಬ್ಬರೂ ಚಾಳಿನ ಉದ್ದಕ್ಕೂ ನಡೆದರು. ಎರಡೂ ಕಡೆಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಜೀಪಿನ ಹತ್ತಿರ ಗಂಗಿಬಾಯಿ ನಿಂತಳು.

"ಮುಂಜಾನೆ ಗುಳಿಗಿ ತಗೊಂಡ್ರೇನ್ರಿ ನೀವು?"

ಶಂಕ್ರಪ್ಪನಿಗೆ ನೆನಪಾಯಿತು. ಇದೇ ಗಡಿಬಿಡಿಯಲ್ಲಿ ಮರೆತಿದ್ದ. ನಾಲ್ಕು ವರ್ಷದಲ್ಲಿ ಅವನನ್ನು ಆ ಮಾತು ಕೇಳಿದವಳು ಇವಳೊಬ್ಬಳೇ. ಅವಳನ್ನೇ ಅವನು ಜೀಪು ಹತ್ತಿಸಬೇಕಿತ್ತು.