ಮುಖದ ಅಚ್ಚು

2001ರ ಆಗಸ್ಟ್ 14, ಮಂಗಳವಾರ ಬೆಳಿಗ್ಗೆ 9.20ಕ್ಕೆ ನಾಗೇಶ ಮೂಡಿಗೆರೆ ಠಾಣೆಗೆ ಬಂದು ದೂರು ಕೊಟ್ಟ. ಅವನ ಫೈಬರ್ ಶೆಡ್ಡಿನಿಂದ ಒಂದು ಅಚ್ಚು ಕಳುವಾಗಿತ್ತು. ನೀರಿನ ಟ್ಯಾಂಕಿನದಲ್ಲ, ರೆಸಾರ್ಟುಗಳ ಬಾಗಿಲಲ್ಲಿ ಕೈಮುಗಿದು ನಿಲ್ಲುವ ಹೆಣ್ಣುಗೊಂಬೆಯ ಮುಖದ್ದು. ಒಂದು ಗೊಂಬೆ ಆಗಲೇ ಮಾರಾಟವಾಗಿತ್ತು, ಇನ್ನೂ ಹನ್ನೆರಡಕ್ಕೆ ಆರ್ಡರ್ ಬಂದಿತ್ತು. ಮೇಸ್ತ್ರಿ ಲಕ್ಕಯ್ಯ ಸ್ವಂತ ಶೆಡ್ ಹಾಕಲು ಓಡಾಡುತ್ತಿದ್ದಾನೆ, ಅವನ ಮೇಲೇ ಅನುಮಾನ ಎಂದ.

ಸಬ್‌ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಎಫ್‌ಐಆರ್ ದಾಖಲಿಸಿದರು. ಶೆಡ್ಡಿನಲ್ಲಿ ಹೆಂಗಸರೇ ಹೆಚ್ಚೆಂದು ಮಹಿಳಾ ಪೇದೆ ಸರ್ವಮಂಗಳಾಳನ್ನೂ ಜೀಪು ಹತ್ತಿಸಿಕೊಂಡರು.

11 ಗಂಟೆಗೆ ಪಂಚನಾಮೆ. ಬೀಗ ಒಡೆದಿರಲಿಲ್ಲ, ಕೀಲಿ ಇಡುವ ಜಾಗ ಕೆಲಸದವರಿಗೆಲ್ಲ ಗೊತ್ತಿತ್ತು. ಅಚ್ಚಿನ ಜೊತೆ ಅದರೊಳಗೆ ಬಳಿಯುವ ಅಂಟಿನಂಥ ರೆಸಿನ್ ಒಂದು ಡಬ್ಬ, ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಬಾಟಲಿ, ಗಾಜಿನ ನಾರಿನ ಮ್ಯಾಟಿನ ಒಂದು ತುಂಡು, ಬ್ರಷ್ಷು ಕಾಣೆಯಾಗಿದ್ದವು. ಪಟ್ಟಿ ಬರೆಯುತ್ತಿದ್ದ ಸರ್ವಮಂಗಳಾಳ ಮೊಣಕೈ ನಾರಿನ ಪುಡಿಗೆ ತುರಿಸತೊಡಗಿತು. ಇಲ್ಲಿಯ ಮೂವರು ಹೆಂಗಸರು ದಿನವಿಡೀ ಇದನ್ನೇ ಕತ್ತರಿಸುತ್ತಾರೆ ಎಂದುಕೊಂಡಳು.

ಲಕ್ಕಯ್ಯ ಮೂಲೆಯಲ್ಲಿದ್ದ ಮೇಣದ ಡಬ್ಬ ತೋರಿಸಿದ. “ಇದನ್ನ ಬಿಟ್ಟು ಹೋಗ್ತಿದ್ನ ಸಾರ್? ಮೇಣ ತಿಕ್ಕದೆ ರೆಸಿನ್ ಹಾಕಿದ್ರೆ ಮಾಲು ಅಚ್ಚಿಗೇ ಕಚ್ಕೊಂಡು ಬಿಡುತ್ತೆ. ಕಳ್ಳ ಅಂತ ಬೇಕಾದ್ರೆ ಅನ್ನಿ, ಕೆಲ್ಸ ಗೊತ್ತಿಲ್ದವ ಅನ್ಬೇಡಿ.”

“ಇದು ಹೆಂಗಸರಿಗೆ ಗೊತ್ತಿಲ್ವಾ?” ಓಂಕಾರಮೂರ್ತಿ ಕೇಳಿದರು.

“ಮೇಣ ತಿಕ್ಕೋದು ನಾನೇ ಸಾರ್. ಅವ್ರು ಬರೋ ಹೊತ್ತಿಗೆ ಆಗಿರುತ್ತೆ.”

ಸರ್ವಮಂಗಳಾ ಶೆಡ್ಡಿನ ಹಿಂದೆ ಹೋಗಿ, ಅಚ್ಚು ಯಾರ ಮುಖದ್ದೆಂದು ಕೇಳಿದಳು. ಅಲ್ಲಿ ಮ್ಯಾಟು ಕತ್ತರಿಸುತ್ತಿದ್ದ ವಸಂತಮ್ಮ ಕತ್ತರಿ ಕೆಳಗಿಟ್ಟಳು.

“ನಮ್ ಜೊತೆ ಕೆಲ್ಸ ಮಾಡೋ ಗಿಡ್ಡಮ್ಮನ ಮಗಳು ರಂಜಿತಾದು ಮೇಡಮ್. ಮುಖ ಲಕ್ಷಣವಾಗಿದೆ ಅಂತ ಸಾವ್ಕಾರ್ರೇ ಪ್ಲಾಸ್ಟರ್ ಮೆತ್ತಿಸಿ ತೆಗೆಸಿದ್ರು. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರ್ಕೊಂಡ್ಳು.”

ಗಿಡ್ಡಮ್ಮ ನಿನ್ನೆಯಿಂದ ಕೆಲಸಕ್ಕೆ ಬಂದಿರಲಿಲ್ಲ.

ಮಧ್ಯಾಹ್ನ 3.30ಕ್ಕೆ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಸಿಕ್ಕಳು. ಅಚ್ಚು ಮಡಿಲಲ್ಲಿತ್ತು, ಒಳಗೆ ಹಾಕಿದ ರೆಸಿನ್ ಗಟ್ಟಿಯಾಗಿತ್ತು. ಅಂಚಿನಲ್ಲಿ ಬಿದಿರಿನ ಚೂರೊಂದನ್ನು ತೂರಿಸಲು ನೋಡುತ್ತಿದ್ದಳು, ಗಟ್ಟಿಯಾಗಿ ಹೊಡೆಯಲು ಕೈ ಬರುತ್ತಿರಲಿಲ್ಲ.

“ಬಿಡ್ತಾನೇ ಇಲ್ಲ ಅಮ್ಮ. ಶೆಡ್ಡಲ್ಲಾದ್ರೆ ತಟ್ಟಿದ ಕೂಡ್ಲೆ ಬಿಡ್ತಿತ್ತು.”

ರೆಸಿನ್ ಹಾಕುವ ಮೊದಲು ಮೇಣ ಹಚ್ಚಬೇಕಿತ್ತೆಂದು ಸರ್ವಮಂಗಳಾಳೇ ಹೇಳಬೇಕಾಯಿತು. ಆರು ವರ್ಷ ಮ್ಯಾಟು ಹಾಸಿದ ಹೆಂಗಸು ಬಿದಿರಿನ ಚೂರನ್ನು ನೆಲಕ್ಕಿಟ್ಟಳು.

“ಯಾಕೆ ತಂದ್ರಿ ಗಿಡ್ಡಮ್ಮ?”

“ಒಂದು ಮುಖ ತೆಕ್ಕೊಂಡು ಅಚ್ಚನ್ನ ಹೊಳೆಗೆ ಬಿಡೋಣ ಅಂತಿದ್ದೆ. ಅಲ್ಲೊಂದು ರೆಸಾರ್ಟ್ ಗೇಟಲ್ಲಿ ನಿಲ್ಸಿದಾರೆ. ಹೋಗೋರು ಬರೋರು ಕೆನ್ನೆ ಹಿಂಡಿ ನಗಾಡ್ತಾರೆ. ಇನ್ನೂ ಹನ್ನೆರಡು ಕಡೆ ನನ್ ಮಗಳು ನಿಲ್ಲೋದು ಬೇಡ.”

4.15ಕ್ಕೆ ದಸ್ತಗಿರಿ. ಠಾಣೆಯಲ್ಲಿ ಅಚ್ಚು ನೋಡಿದ ನಾಗೇಶ, ಇನ್ನಿದು ಉಪಯೋಗಕ್ಕಿಲ್ಲ, ಎಸೆಯಿರಿ ಎಂದ. ಅದು ಕೇಸಿನ ಮಾಲು, ಎಸೆಯುವಂತಿಲ್ಲ ಎಂದರು ಓಂಕಾರಮೂರ್ತಿ.

ಮಗಳನ್ನು ವರ್ಷವರ್ಷವೂ ಸ್ಟುಡಿಯೋಗೆ ಕರೆದೊಯ್ಯುವ ಸರ್ವಮಂಗಳಾ ಗಿಡ್ಡಮ್ಮನ ಹೇಳಿಕೆಯ ಕೊನೆಯ ಸಾಲನ್ನು ನಿಧಾನವಾಗಿ ಬರೆದಳು: ಆರೋಪಿಯ ಮನೆಯಲ್ಲಿ ಮೃತಳ ಫೋಟೋ ಒಂದೂ ಇರುವುದಿಲ್ಲ.

ಹೆಬ್ಬೆಟ್ಟು ಒತ್ತಿದ ಮೇಲೆ ಗಿಡ್ಡಮ್ಮ ಒಂದೇ ಮಾತು ಕೇಳಿಕೊಂಡಳು.

“ಒಡೆಯೋದಾದ್ರೆ ನನ್ನ ಕಣ್ಣೆದುರು ಒಡೀಬೇಡಿ ಅಮ್ಮ.”