ಎರಡನೆಯ ನೆಲೆಯ ಚೀಲ

ಧಾರವಾಡದ ಪ್ರಯೋಗಾಲಯದಲ್ಲಿ ಆ ಬೆಳಿಗ್ಗೆ ಸ್ಪರ್ಶಪದರ ಯಂತ್ರವು ರೊಟ್ಟಿ ಬಡಿಯುವ ಮಣೆಯೊಂದನ್ನು ಓದುತ್ತಿತ್ತು. ಮಣೆಯ ಮೇಲೆ ನೀಲಿ ಬೆಳಕಿನ ಗೆರೆ ನಿಧಾನವಾಗಿ ಸರಿಯುತ್ತಿತ್ತು. ಪಕ್ಕದಲ್ಲಿದ್ದ ಮಿದುಫಲಕ, ಅಂದರೆ ಹಳೆಯ ಒತ್ತನ್ನು ಉಬ್ಬಿಸಿ ತೋರಿಸುವ ಮೆತ್ತನೆಯ ಹಲಗೆ, ಅಂಗೈಯ ಆಕಾರದಲ್ಲಿ ಏಳುತ್ತ ಇಳಿಯುತ್ತ ಇತ್ತು. ಮಣೆ ತಂದಿದ್ದ ನರಗುಂದದ ಮನುಷ್ಯ ಅದರ ಮೇಲೆ ತನ್ನ ಕೈಯಿಟ್ಟು ಕೂತುಬಿಟ್ಟಿದ್ದ. ಅವನ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಅವನ ಹಿಂದೆ ಸರದಿಯಲ್ಲಿ ಬೆಟಗೇರಿಯ ಕೃಪಾವತಿ ಕೂತಿದ್ದರು. ವಯಸ್ಸು ಎಪ್ಪತ್ತೆಂಟು. ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ಆ ಮನುಷ್ಯನ ಕಣ್ಣಲ್ಲಿ ನೀರು ಕಂಡು ಅವರಿಗೂ ಮರುಕವಾಯಿತು. ಆದರೆ ಅವರು ಬಂದದ್ದು ಯಾರ ಕೈಯನ್ನೂ ಹುಡುಕಿಕೊಂಡಲ್ಲ; ಅವರಿಗೆ ಬೇಕಾದದ್ದು ನೂರಾ ಅರವತ್ತು ವರ್ಷದ ಹಿಂದಿನ ಒಂದು ಕಾಲು.

ಗಂಟು ಬಿಚ್ಚಿದಾಗ ಒಳಗಿದ್ದದ್ದು ದಪ್ಪ ಕ್ಯಾನ್ವಾಸಿನ ಒಂದು ಚೌಕ ಚೀಲ. ಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ನೀಲಮ್ಮ ಅಬ್ಬಿಗೇರಿ ಅದನ್ನು ತಿರುಗಿಸಿ ನೋಡಿ, ಇದೇನು ದಿಂಬೇ ಎಂದು ಕೇಳಿದರು. ಕೃಪಾವತಿ ಆ ಚೀಲದ ಕಥೆಯನ್ನು ಮೊದಲಿನಿಂದ ಹೇಳಿದರು.

ಅದು ಬೇಸ್‌ಬಾಲ್ ಆಟದ ಚೀಲ. ಆ ಆಟದಲ್ಲಿ ಚೆಂಡು ಹೊಡೆದವನು ಓಡಬೇಕು. ಮೈದಾನದ ಮೂರು ಮೂಲೆಯಲ್ಲಿ ಇಂಥ ಮೂರು ಚೀಲ ಕಟ್ಟಿರುತ್ತಾರೆ. ಅವು ನೆಲೆಗಳು. ಅವನ್ನು ಒಂದೊಂದಾಗಿ ಮುಟ್ಟಿ, ಹೊರಟ ಜಾಗಕ್ಕೇ ಮರಳಿದರೆ ಒಂದು ಅಂಕ. ಆ ಜಾಗಕ್ಕೆ ಅವರು ಮನೆ ಎಂದೇ ಹೆಸರಿಟ್ಟಿದ್ದಾರೆ. ಕೃಪಾವತಿಯ ಮುತ್ತಜ್ಜ ವಾಲ್ಟರ್ ಕಡಲಾಚೆಯ ದೇಶದಲ್ಲಿ ಸಂಬಳಕ್ಕೆ ಆಡುತ್ತಿದ್ದ ಆಟಗಾರ. ಸಾವಿರದ ಒಂಬೈನೂರ ಒಂಬತ್ತರಲ್ಲಿ, ವರ್ಷದ ಕೊನೆಯ ಪಂದ್ಯದಲ್ಲಿ, ಅವನು ಮೊದಲನೆಯ ನೆಲೆಯಲ್ಲಿ ನಿಂತಿದ್ದಾಗ ಜೊತೆಗಾರನೊಬ್ಬ ಚೆಂಡನ್ನು ದೂರ ಹೊಡೆದ. ಮೂರನೆಯ ನೆಲೆಯಲ್ಲಿದ್ದವನು ಮನೆ ಸೇರಿದ. ಗೆದ್ದೆವೆಂದು ಜನ ಮೈದಾನಕ್ಕೆ ನುಗ್ಗಿದರು. ನಿಯಮದ ಪ್ರಕಾರ ವಾಲ್ಟರ್ ಓಡಿಹೋಗಿ ಎರಡನೆಯ ನೆಲೆಯನ್ನು ಮುಟ್ಟಬೇಕಿತ್ತು. ಮುಟ್ಟಲಿಲ್ಲ ಎಂದು ತೀರ್ಪುಗಾರ ಹೇಳಿದ. ಅಂಕ ಹೋಯಿತು, ಪಂದ್ಯ ಹೋಯಿತು, ಆ ವರ್ಷದ ಕಿರೀಟವೂ ಹೋಯಿತು.

ಮುಟ್ಟಿದ್ದೇನೆ ಎಂದು ವಾಲ್ಟರ್ ಒಂದು ವರ್ಷ ಹೇಳಿದ. ಪತ್ರಿಕೆಗಳು ದಿನವೂ ಅಣಕಿಸಿದವು. ಹೋಟೆಲಿನಲ್ಲಿ ಊಟ ಬಡಿಸುವವರು, ಬಾಗಿಲು ಮುಟ್ಟಿ ಒಳಗೆ ಬಾರಪ್ಪ ಎನ್ನುತ್ತಿದ್ದರಂತೆ. ಎರಡನೆಯ ವರ್ಷಕ್ಕೆ ಅವನಿಗೇ ಅನುಮಾನ ಹುಟ್ಟಿತು. ಆಟ ಬಿಟ್ಟ. ಆ ಚೀಲವನ್ನು ಮೈದಾನದವರಿಂದ ಬೇಡಿ ಪಡೆದು, ಕ್ರೈಸ್ತ ಮಿಷನ್ನಿನವರ ಜೊತೆ ಹಡಗು ಹತ್ತಿ ಬೆಟಗೇರಿಗೆ ಬಂದು, ಹುಡುಗರಿಗೆ ಬಡಗಿ ಕೆಲಸ ಕಲಿಸುತ್ತ ಉಳಿದುಬಿಟ್ಟ. ದಿನವೂ ಆ ಚೀಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ. ಅವನ ನಂತರ ಮಗಳು ಊರಿದಳು, ಮೊಮ್ಮಗಳು ಊರಿದಳು; ಈಗ ಕೃಪಾವತಿ, ಅವರ ತಮ್ಮ ದೇವಪುತ್ರ. ದೇವಪುತ್ರನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಆರು ವರ್ಷ. ಈಗ ಹಾಸಿಗೆ ಹಿಡಿದಿದ್ದಾನೆ. ಸಾಯುವ ಮೊದಲು ಒಂದು ಮಾತು ತಿಳಿಯಬೇಕೆಂಬುದು ಅವನ ಆಸೆ.

"ನಮ್ಮ ಮುತ್ತಜ್ಜ ಮುಟ್ಟಿದ್ನೋ ಇಲ್ಲೋ, ಅಷ್ಟ ಹೇಳ್ರಿ ನೀಲಮ್ಮ," ಎಂದರು ಕೃಪಾವತಿ.

ನೀಲಮ್ಮ ಬಿಡಿಸಿ ಹೇಳಿದರು. ಕೆರೆಯ ತಳದಲ್ಲಿ ವರ್ಷ ವರ್ಷ ಹೂಳು ಕೂರುವಂತೆ, ನೂಲಿನ ಮೇಲೆ ಒತ್ತಿನ ಪದರಗಳು ಕೂರುತ್ತವೆ. ಮೇಲಿನದನ್ನು ಓದುವುದು ಸುಲಭ, ಅದರಿಂದ ಏನೂ ಕೆಡುವುದಿಲ್ಲ. ತಳದ್ದು ಬೇಕಾದರೆ ಹದವಾದ ಹಬೆ ಕೊಟ್ಟು ಮೇಲಿನವನ್ನು ಬಿಡಿಸಬೇಕು. ಬಿಡಿಸಿದ ನೂಲು ಹೊಸದರಂತೆ ನೆಟ್ಟಗಾಗುತ್ತದೆ. ಬಿಡಿಸುವ ಮೊದಲು ಬರೆದಿಟ್ಟುಕೊಳ್ಳಲು ಆಗದೇ ಎಂದರೆ, ಒಂದು ಒತ್ತು ಎಷ್ಟು ಹೊತ್ತು ಇತ್ತೋ ಓದಲೂ ಅಷ್ಟೇ ಹೊತ್ತು ಬೇಕು. ನಾಲ್ಕು ತಲೆಮಾರಿನ ಪ್ರಾರ್ಥನೆಯನ್ನು ಓದಿ ಮುಗಿಸಲು ವರ್ಷಗಳೇ ಹಿಡಿಯುತ್ತವೆ.

"ಮ್ಯಾಲಿನವು ಹೋದರ ಮತ್ತ ಬರೂದಿಲ್ಲ, ಅಮ್ಮಾರ. ವಿಚಾರ ಮಾಡ್ರಿ."

ಕೃಪಾವತಿ ಹೆಚ್ಚು ವಿಚಾರ ಮಾಡಲಿಲ್ಲ. ದೇವಪುತ್ರ ಅಷ್ಟು ವರ್ಷ ಬದುಕುವಂತಿರಲಿಲ್ಲ. ಮೇಲಾಗಿ ಅವರ ನಂಬಿಕೆ ಗಟ್ಟಿಯಾದದ್ದು.

"ಪ್ರಾರ್ಥನಿ ಎಲ್ಲಾ ದೇವರ ಹಂತೇಕ ಹೋಗಿ ಮುಟ್ಟ್ಯಾವ. ಚೀಲದಾಗ ಉಳಿದದ್ದರ ಏನು? ಬರೇ ಮೊಣಕಾಲು. ತಗೀರಿ," ಎಂದರು.

ಹಬೆ ಏರಿತು. ಮಿದುಫಲಕದ ಮೇಲೆ ಪದರಗಳು ಕಣ್ಣು ಮಿಟುಕಿಸಿದಂತೆ ಬಂದು ಹೋಗತೊಡಗಿದವು. ಮೊದಲು ಕೃಪಾವತಿಯವೇ ಮೊಣಕಾಲು, ನಡುನಡುವೆ ದೇವಪುತ್ರನವು. ಸ್ವಲ್ಪ ಹೊತ್ತಿಗೆ ಇನ್ನೊಂದು ಜೋಡಿ ಎದ್ದಿತು: ಎಡಗಡೆ ಆಳ, ಬಲಗಡೆ ಹಗುರ. ಎಲ್ಲೋ ನೋಡಿದಂತಿದೆಯಲ್ಲ ಎಂದು ಕೃಪಾವತಿ ಯೋಚಿಸುವಷ್ಟರಲ್ಲಿ ಅದು ಹೋಯಿತು. ಅವ್ವ ಬಾವಿಕಟ್ಟೆಯಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದಳು. ಆಮೇಲೆ ಮೂವತ್ತು ವರ್ಷ ಎಡಗಾಲಿನ ಮೇಲೆ ಭಾರ ಹಾಕಿಯೇ ಊರುತ್ತಿದ್ದಳು.

"ತಡೀರಿ," ಎಂದರು ಕೃಪಾವತಿ.

ನೀಲಮ್ಮ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಅವ್ವನವು ಒಂದೂ ಉಳಿದಿರಲಿಲ್ಲ. ಮುಂದುವರಿಸಲೇ ಬೇಡವೇ ಎಂದು ನೀಲಮ್ಮ ಮೆಲ್ಲಗೆ ಕೇಳಿದರು. ಮುಂದುವರಿಸಿ ಎಂದು ಕೃಪಾವತಿ ಕೈಸನ್ನೆ ಮಾಡಿದರು. ಬರಿಗೈಯಲ್ಲಿ ತಮ್ಮನ ಮುಂದೆ ಹೋಗುವುದು ಹೇಗೆ?

ಅಜ್ಜಿಯೂ ಹೋದಳು. ಕೊನೆಗೆ ಉಳಿದದ್ದು ವಾಲ್ಟರನ ಮೊಣಕಾಲು, ಅಗಲವಾದ, ಆಳವಾದ ಎರಡು ತಗ್ಗು. ಮೂವತ್ತಾರು ವರ್ಷದ್ದು. ಅದನ್ನೂ ಬಿಡಿಸಿದ ಮೇಲೆ ಫಲಕ ಸಮತಟ್ಟಾಗಿ ನಿಂತಿತು. ಕಾಲಿನ ಗುರುತಿಲ್ಲ, ಬೂಟಿನ ಮೊಳೆಯ ಗುರುತೂ ಇಲ್ಲ. ನೀಲಮ್ಮ ಮೂರು ಸಲ ಪರೀಕ್ಷಿಸಿ ಕನ್ನಡಕ ತೆಗೆದಿಟ್ಟರು.

"ನಿಮ್ಮ ಮುತ್ತಜ್ಜನವರs ಅಳಿಸ್ಯಾರ, ಅಮ್ಮಾರ. ಅದs ಜಾಗದಾಗ ಅಷ್ಟು ವರ್ಷ ಊರಿ ಊರಿ, ತಳದ ಗುರುತು ಏನಿದ್ದರೂ ಸವದು ಹೋಗೇತಿ. ಮುಟ್ಟಿದ್ದರೂ ಗೊತ್ತಾಗೂದಿಲ್ಲ, ಬಿಟ್ಟಿದ್ದರೂ ಗೊತ್ತಾಗೂದಿಲ್ಲ."

ಆಮೇಲೆ ಅವರು ಇನ್ನೊಂದು ಸಂಗತಿ ಹೇಳಿದರು. ಹಾದುಹೋದ ಎಲ್ಲ ಪದರಗಳಲ್ಲೂ, ಎರಡು ಮೊಣಕಾಲಿನ ನಡುವೆ, ಪ್ರತಿ ಸಲದ ಕೊನೆಗೆ ಒಂದು ಬಲ ಅಂಗೈ ಒತ್ತಿತ್ತು. ಅದು ಏನು?

ಏಳುವಾಗ ಕೈಯೂರುವುದು ಮನೆಯ ರೂಢಿ ಎಂದರು ಕೃಪಾವತಿ. ಚಿಕ್ಕವರಿದ್ದಾಗ ಮರೆತು ಎದ್ದರೆ ಅವ್ವ ಮತ್ತೆ ಕೂರಿಸುತ್ತಿದ್ದಳು, ಅವಳನ್ನು ಅಜ್ಜಿ ಕೂರಿಸುತ್ತಿದ್ದಳಂತೆ. ಮುತ್ತಜ್ಜನಿಗೆ ಮೊಣಕಾಲು ನೋವಿತ್ತು, ಅದರಿಂದ ಬಂದದ್ದಿರಬೇಕು ಎಂದುಕೊಂಡಿದ್ದರು. ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಿತು. ನೋವಿದ್ದವನು ಏಳಲು ಅಂಚಿಗೆ ಕೈಯೂರುತ್ತಾನೆ. ಚೀಲದ ನಟ್ಟನಡುವೆ ಊರುವುದಿಲ್ಲ. ಅದು ಮುಟ್ಟುವವನ ಕೈ.

ನೀಲಮ್ಮ ಗದಗಿನ ಬಸ್ಸಿನವರೆಗೆ ಬಂದು ಹತ್ತಿಸಿ ಹೋದರು. ದಾರಿಯುದ್ದಕ್ಕೂ ಚೀಲ ಮಡಿಲಲ್ಲಿ ಹಗುರಾಗಿ, ಹೊಸ ಬಟ್ಟೆಯ ಹಾಗೆ ಕೂತಿತ್ತು.

ಬಾಗಿಲ ಸಪ್ಪಳಕ್ಕೆ ದೇವಪುತ್ರ ತಲೆಯೆತ್ತಿದ.

"ಮುಟ್ಟಿದ್ನೇನs ಅಕ್ಕಾ?"

"ಮುಟ್ಟ್ಯಾನ. ಸಾಯೂತನಕ ದಿನಾ ಮುಟ್ಟ್ಯಾನ."

ದೇವಪುತ್ರನ ಮುಖ ಅರಳಿತು. ಶಾಲೆಯಲ್ಲಿ ತನ್ನನ್ನು ಮರೆಗುಳಿ ಮನೆಯವ ಎಂದು ಕಾಡಿದವರೆಲ್ಲ ಈಗ ಇರಬೇಕಿತ್ತು ಎಂದು ನಕ್ಕ. ಚೀಲ ಕೊಡು ಎಂದ. ಎದೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದ. ಮಧ್ಯಕ್ಕೆ ಹೋದ ಕೈ ಎಡಕ್ಕೆ ಸರಿಯಿತು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ನಗು ನಿಂತಿತು.

"ಇದು ನಮ್ಮದಲ್ಲ. ಅವ್ವನ ತಗ್ಗು ಎಲ್ಲೈತಿ?"

ಕಣ್ಣು ಹೋದಾಗಿನಿಂದ ಅವನು ದಿನವೂ ಆ ತಗ್ಗಿನಲ್ಲಿ ಬೆರಳಿಟ್ಟು ಮಲಗುತ್ತಿದ್ದನೆಂಬುದು ಕೃಪಾವತಿಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

ಅವರು ನಡೆದದ್ದನ್ನೆಲ್ಲ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ದೇವಪುತ್ರ ಬೈಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಕೃಪಾವತಿ ಚೀಲವನ್ನು ನೆಲಕ್ಕಿಟ್ಟು, ಮಂಚದ ಕಾಲು ಹಿಡಿದು ಮೊಣಕಾಲೂರಿದರು. ಬಟ್ಟೆ ಅವರನ್ನು ಗುರುತಿಸಲಿಲ್ಲ. ಪರಕೀಯರ ಮನೆಯ ನೆಲದ ಹಾಗೆ ಗಟ್ಟಿಯಾಗಿತ್ತು. ಹೇಳಲು ಮಾತು ಬರಲಿಲ್ಲ. ದೇವರಿಗೆ ಅದೂ ಕೇಳಿರಬೇಕು. ಏಳುವಾಗ ನಟ್ಟನಡುವೆ ಬಲಗೈಯೂರಿದರು, ಈ ಸಲ ಯಾಕೆಂದು ತಿಳಿದು. ಎದ್ದು, ಚೀಲವನ್ನು ಮತ್ತೆ ತಮ್ಮನ ಪಕ್ಕಕ್ಕಿಟ್ಟರು.

ಅವನ ಕೈ ತಾನಾಗಿ ಅದರ ಮೇಲೆ ಬಂತು. ಹುಡುಕಿತು. ನಡುವೆ ನಿಂತಿತು.

"ಇಲ್ಲಿ ಬೆಚ್ಚಗ ಐತಿ," ಎಂದ ದೇವಪುತ್ರ, ಕೈ ತೆಗೆಯದೆ.